ಮಳೆಗೆ ಮೊದಲು ಟೈರು

ಪತ್ತನಾಜೆ ಹತ್ತಿರ ಬಂತೆಂದರೆ ಕಾರ್ಕಳದ ಪಕ್ಕದ ಕುಕ್ಕುಂದೂರಿನ ಕಡೆ ಮನೆಗಳಲ್ಲಿ ಕೆಲಸಕ್ಕೆ ಕೊನೆಯಿಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಸೌದೆ ಒಳಗೆ ಬರಬೇಕು, ಒಡೆದ ಹಂಚು ಬದಲಾಗಬೇಕು, ತೋಡಿನ ಹೂಳು ತೆಗೆಯಬೇಕು, ಅಡಿಕೆಗೆ ಮದ್ದು ಬಿಡುವವರನ್ನು ಈಗಲೇ ಹೇಳಿಟ್ಟುಕೊಳ್ಳಬೇಕು. ಇಷ್ಟೆಲ್ಲ ನೆನಪಿಡುವ ನಮಗೆ ಅಂಗಳದಲ್ಲಿ ನಿಂತ ಕಾರಿನ ಟೈರು ಮಾತ್ರ ನೆನಪಿಗೆ ಬರುವುದಿಲ್ಲ. ಅದು ನೆನಪಾಗುವುದು ಜುಲೈಯಲ್ಲಿ, ಜೋಡುರಸ್ತೆ ದಾಟಿ ಮಣಿಪಾಲದ ಕಡೆಗೆ ಹೋಗುವಾಗ ತಿರುವಿನಲ್ಲಿ ಕಾರು ಒಮ್ಮೆ ಅಡ್ಡಕ್ಕೆ ಸರಿದ ಮೇಲೆ.

ಟೈರು ಬದಲಿಸುವ ತಿಂಗಳು ಮೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಮ್ಮಲ್ಲಿ ರೂಢಿ ಬೇರೆ. ಮಳೆಗಾಲವನ್ನು ಹಳೆಯ ಟೈರಿನಲ್ಲಿ ಹೇಗೋ ದೂಡಿ, ದೀಪಾವಳಿಗೆ ಬೋನಸ್ ಬಂದಾಗ ಹೊಸದು ಹಾಕಿಸುವುದು. ಹೊಸ ಟೈರಿನ ಆಳವಾದ ಹಳ್ಳಗಳು ಒಣ ರಸ್ತೆಯಲ್ಲಿ ಸವೆಯುತ್ತವೆ. ಮುಂದಿನ ಮಳೆ ಬರುವ ಹೊತ್ತಿಗೆ ಅವುಗಳಲ್ಲಿ ಒಂದು ಪಾಲು ಹೋಗಿರುತ್ತದೆ. ಟೈರಿನ ಹಳ್ಳಗಳು ಇರುವುದೇ ನೀರಿಗಾಗಿ. ಒಣಗಿದ, ಸ್ವಚ್ಛವಾದ ಡಾಮರಿನ ಮೇಲೆ ಬೋಳು ಟೈರು ಕೂಡ ಚೆನ್ನಾಗಿಯೇ ಹಿಡಿಯುತ್ತದೆ. ರೇಸ್ ಕಾರುಗಳು ಒಣ ಟ್ರ್ಯಾಕಿನಲ್ಲಿ ಹಳ್ಳವೇ ಇಲ್ಲದ ಟೈರಿನಲ್ಲಿ ಓಡುವುದು ಅದೇ ಕಾರಣಕ್ಕೆ. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಈ ನಾಡಿನಲ್ಲಿ, ಅದೂ ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವಾಗ, ಹೊಸ ಟೈರು ಬೇಕಾಗುವುದು ಯಾವಾಗ ಎಂಬುದರಲ್ಲಿ ಅನುಮಾನ ಎಲ್ಲಿದೆ?

ಟೈರು ಎಷ್ಟು ಬೇಗ ಸವೆಯುತ್ತದೆ ಎಂಬ ಲೆಕ್ಕ ಒಮ್ಮೆ ಮಾಡಿ ನೋಡುವಂಥದ್ದು. ಸ್ವಿಫ್ಟ್‌ನ ಕೆಳ ಮಾದರಿಗಳಿಗೆ ಬರುವ ಟೈರಿನ ಅಳತೆ 165/80 ಆರ್14. ಅದು ಒಂದು ಸುತ್ತು ಉರುಳಿದರೆ ಎರಡು ಮೀಟರಿಗೆ ತುಸು ಕಡಿಮೆ ದೂರ. 40,000 ಕಿ.ಮೀ. ಓಡುವಷ್ಟರಲ್ಲಿ ಒಂದೊಂದು ಚಕ್ರವೂ ಎರಡು ಕೋಟಿಗೂ ಹೆಚ್ಚು ಸಲ ತಿರುಗಿರುತ್ತದೆ. ಹೊಸತರಲ್ಲಿ ಸುಮಾರು 8 ಮಿ.ಮೀ. ಇದ್ದ ಹಳ್ಳ ಆಗ 1.6ಕ್ಕೆ ಬಂದಿದ್ದರೆ, ಒಂದು ಸುತ್ತಿಗೆ ಸವೆದದ್ದು ಒಂದೆರಡು ಪರಮಾಣುಗಳ ದಪ್ಪ, ಅಷ್ಟೆ. ಅಷ್ಟು ಹೊತ್ತು, ಅಷ್ಟು ಬಿಸಿಲು, ಅಷ್ಟು ಜಲ್ಲಿಯ ಮೇಲೆ ಸಾವಿರ ಕಿಲೋ ತೂಕ ಹೊತ್ತು ತಿರುಗಿದ ರಬ್ಬರು ಅಷ್ಟು ಕಡಿಮೆ ಕಳೆದುಕೊಂಡಿತಲ್ಲ ಎಂದು ನನಗೆ ಆ ವಸ್ತುವಿನ ಮೇಲೆ ಗೌರವವೇ ಹುಟ್ಟುತ್ತದೆ. ಕಾರ್ಕಳದ ಗುಡ್ಡೆಗಳಲ್ಲಿ ಬೆಳಗ್ಗೆ ಬೇಗ ಎದ್ದು ಟ್ಯಾಪಿಂಗ್ ಮಾಡಿ, ಚಿಪ್ಪಿನಲ್ಲಿ ಹಾಲು ಕೂಡಿಸಿ, ಶೀಟು ಹೊಡೆದು ಹೊಗೆಯಲ್ಲಿ ಒಣಗಿಸುವ ರಬ್ಬರಿನ ಹೆಚ್ಚಿನ ಪಾಲು ಹೋಗುವುದೂ ಟೈರು ಕಾರ್ಖಾನೆಗಳಿಗೇ. ಅಲ್ಲಿ ಅದಕ್ಕೆ ಕೃತಕ ರಬ್ಬರು, ಗಂಧಕ, ಕಾರ್ಬನ್ ಮಸಿ, ಸಿಲಿಕಾ ಸೇರುತ್ತವೆ. ಟೈರಿನ ಕಪ್ಪು ಬಣ್ಣ ಆ ಮಸಿಯದು. ಬಾಳಿಕೆಯೂ ಬಹುಪಾಲು ಅದರದೇ.

ಆದರೆ ನಲವತ್ತು ಸಾವಿರವೆಂಬ ಲೆಕ್ಕ ನಮ್ಮ ರಸ್ತೆಗಳಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಒಳದಾರಿಗಳನ್ನು ನೋಡಿ. ಒಂದೇ ವಾಹನದ ಅಗಲದ ಡಾಮರು, ಎದುರಿನಿಂದ ಸರ್ವಿಸ್ ಬಸ್ಸು ಹಾರ್ನ್ ಹೊಡೆಯುತ್ತ ಬರುತ್ತದೆ. ಬಸ್ಸು ಇಳಿಯುವುದಿಲ್ಲ, ನಾವೇ ಇಳಿಯಬೇಕು. ಎಡಗಡೆಯ ಎರಡು ಚಕ್ರ ಡಾಮರಿನ ಅಂಚಿನಿಂದ ನಾಲ್ಕೈದು ಇಂಚು ಕೆಳಗಿನ ಮಣ್ಣಿಗೆ ಇಳಿಯುತ್ತವೆ. ಬಸ್ಸು ಹೋದ ಮೇಲೆ ಓಟದಲ್ಲೇ ಸ್ಟೀರಿಂಗ್ ಬಲಕ್ಕೆ ತಿರುಗಿಸಿ ಮೇಲೆ ಹತ್ತಿಸುತ್ತೇವೆ. ಆಗ ಡಾಮರಿನ ಮುರಿದ ಅಂಚು ಟೈರಿನ ಪಕ್ಕೆಯನ್ನು ಕೆರೆಯುತ್ತದೆ. ಪಕ್ಕೆಯೆಂದರೆ ಟೈರಿನಲ್ಲಿ ಅತಿ ತೆಳುವಾದ ಜಾಗ. ಅದೇ ಪೆಟ್ಟಿಗೆ ಚಕ್ರದ ಅಲೈನ್‌ಮೆಂಟು ಕೂಡ ತುಸು ತಪ್ಪುತ್ತದೆ. ದಿನಕ್ಕೆ ನಾಲ್ಕು ಸಲ ಹೀಗೆ ಇಳಿದು ಹತ್ತುವ ಕಾರಿನ ಎಡಗಡೆಯ ಟೈರಿನಲ್ಲಿ ಗುಳ್ಳೆ ಎದ್ದರೆ ಅದು ಟೈರಿನ ದೋಷವಲ್ಲ. ಗುಳ್ಳೆ ಎದ್ದದ್ದೆಂದರೆ ಒಳಗಿನ ನೂಲು ತುಂಡಾಗಿದೆ ಎಂದರ್ಥ. ಅದಕ್ಕೆ ಪ್ಯಾಚ್ ಇಲ್ಲ, ಮದ್ದಿಲ್ಲ. ಅದೇ ದಿನ ಬದಲಿಸಬೇಕು.

ಇನ್ನು ಘಾಟಿ. ಹೆಬ್ರಿಯಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಬಜಗೋಳಿ, ಮಾಳ ದಾಟಿ ಕುದುರೆಮುಖದ ಕಡೆಗೂ ತಿರುವಿಗೆ ಕಡಿಮೆಯಿಲ್ಲ. ನಮ್ಮ ಸಣ್ಣ ಕಾರುಗಳಲ್ಲಿ ಎಳೆಯುವುದೂ, ತಿರುಗುವುದೂ, ಬ್ರೇಕಿನ ಹೆಚ್ಚಿನ ಭಾರ ತಾಳುವುದೂ ಎದುರಿನ ಎರಡೇ ಚಕ್ರ. ಹಾಗಾಗಿ ಅವು ಹಿಂದಿನವುಗಳಿಗಿಂತ ಬೇಗ ಸವೆಯುತ್ತವೆ, ಅದರಲ್ಲೂ ಹೆಗಲಿನ ಭಾಗ. ಮನೆಯ ಅಂಗಳದ ಒರಟು ಕಾಂಕ್ರೀಟಿನಲ್ಲಿ ಕಾರು ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸುವ ಅಭ್ಯಾಸವೂ ಟೈರನ್ನು ತಿನ್ನುತ್ತದೆ. ಕಾರು ಒಂದಿಷ್ಟು ಚಲಿಸುತ್ತಿರುವಾಗ ತಿರುಗಿಸಿದರೆ ಅಷ್ಟು ಸವೆತ ಉಳಿಯಿತು.

ಟೈರು ತನ್ನ ಕಾಯಿಲೆಯನ್ನು ಮೈಮೇಲೆ ಬರೆದುಕೊಂಡಿರುತ್ತದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ಒಂದೇ ಬದಿ ಸವೆದಿದ್ದರೆ ಚಕ್ರ ವಾಲಿದೆ. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಬೇಕು. ಕಣ್ಣಿಗೆ ಕಾಣದ ಇನ್ನೊಂದಿದೆ, ಅದನ್ನು ಕೈಯಿಂದಲೇ ಓದಬೇಕು. ಅನುಭವಸ್ಥ ಟೈರು ಕೆಲಸದವರು ಕಾರಿನ ಬಳಿ ಬಂದ ತಕ್ಷಣ ಕುಕ್ಕರಗಾಲಿನಲ್ಲಿ ಕೂತು ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ, ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ ಸವರುತ್ತಾರೆ. ಒಂದು ಕಡೆಗೆ ನುಣುಪಾಗಿ ಜಾರಿ, ಇನ್ನೊಂದು ಕಡೆಗೆ ಸಣ್ಣ ಸಣ್ಣ ಅಲಗುಗಳು ಕೈಗೆ ತಾಗಿದರೆ ಚಕ್ರಗಳು ನೇರ ನಿಂತಿಲ್ಲ, ಒಂದಿಷ್ಟು ಒಳಮುಖವೋ ಹೊರಮುಖವೋ ಆಗಿವೆ. ಅಂದರೆ ಟೈರು ಉರುಳುತ್ತಿಲ್ಲ, ಪ್ರತಿ ಸುತ್ತಿನಲ್ಲೂ ತುಸು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿದೆ. ಇದನ್ನು ಸರಿಮಾಡದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಹೋಗುತ್ತದೆ. ಈ ಅಂಗೈಯ ಪರೀಕ್ಷೆಯನ್ನು ಎಲ್ಲರೂ ಕಲಿಯಬಹುದು, ಅದಕ್ಕೆ ಅರ್ಧ ನಿಮಿಷ ಸಾಕು.

ಹೋದ ರಬ್ಬರು ಎಲ್ಲಿ ಹೋಯಿತು ಎಂದೂ ಕೇಳಬೇಕು. ಒಂದು ಸಣ್ಣ ಕಾರಿನ ಟೈರು ತನ್ನ ಬಾಳಿನಲ್ಲಿ ಒಂದು ಕಿಲೋ ಮಿಕ್ಕಿ ರಬ್ಬರನ್ನು ಪುಡಿಯಾಗಿ ಉದುರಿಸುತ್ತದೆ. ಆ ಪುಡಿ ರಸ್ತೆಯ ಬದಿಯಲ್ಲಿ ಕೂರುತ್ತದೆ, ಮೊದಲ ಮಳೆಗೆ ಚರಂಡಿ ಸೇರಿ ತೋಡಿಗೆ, ತೋಡಿನಿಂದ ಹೊಳೆಗೆ ಇಳಿಯುತ್ತದೆ. ಕಾರ್ಕಳ ಸೀಮೆಯ ಎಷ್ಟೋ ತೋಡುಗಳು ಸೇರುವ ಸ್ವರ್ಣೆಯ ನೀರನ್ನೇ ಬಜೆ ಅಣೆಕಟ್ಟಿನಿಂದ ಎತ್ತಿ ಉಡುಪಿ, ಮಣಿಪಾಲ ಕುಡಿಯುವುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದಾಗಲೆಲ್ಲ ತೊರೆಗಳಲ್ಲಿ ಕೊಹೊ ಸಾಲ್ಮನ್ ಮೀನುಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. 2020ರ ಕೊನೆಯಲ್ಲಿ ವಿಜ್ಞಾನಿಗಳು ಕಾರಣ ಹಿಡಿದರು. ಟೈರು ಬಿರುಕು ಬಿಡದಿರಲಿ ಎಂದು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನ್‌ನೊಂದಿಗೆ ಸೇರಿ ಬೇರೊಂದು ವಿಷವಾಗುತ್ತದೆ, ರಸ್ತೆಯ ನೀರಿನೊಂದಿಗೆ ಅದು ತೊರೆಗೆ ಹೋಗುತ್ತದೆ. ಗಾಳಿ ಸರಿಯಿಟ್ಟು, ಅಲೈನ್‌ಮೆಂಟ್ ಸರಿಯಿಟ್ಟು ಓಡಿಸುವುದು ನಮ್ಮ ಕಿಸೆಯ ಮಾತು ಮಾತ್ರವಲ್ಲ, ಹೊಳೆಯ ಮಾತೂ ಹೌದು.

ಈಗ ಬದಲಿಸುವ ಹೊತ್ತು. ಟೈರಿನ ಹಳ್ಳದ ಒಳಗೆ ಅಲ್ಲಲ್ಲಿ ಸಣ್ಣ ಅಡ್ಡ ದಿಬ್ಬಗಳಿರುತ್ತವೆ. ಅವು ಎಲ್ಲಿವೆ ಎಂದು ತೋರಿಸಲು ಪಕ್ಕೆಯ ಮೇಲ್ಭಾಗದಲ್ಲಿ ಪುಟ್ಟ ತ್ರಿಕೋನವೋ ಟಿ.ಡಬ್ಲ್ಯು.ಐ. ಎಂಬ ಅಕ್ಷರವೋ ಇರುತ್ತದೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿ.ಮೀ. ಕಾನೂನು ಕಾರಿಗೆ ಹಾಕಿದ ಕೊನೆಯ ಗೆರೆ ಅದು. ಆದರೆ ಅದು ಇಡೀ ದೇಶಕ್ಕೆ ಹಾಕಿದ ಗೆರೆ. ಬಿಕಾನೇರಿಗೂ ಕಾರ್ಕಳಕ್ಕೂ ಒಂದೇ. ನಮ್ಮ ಮಳೆಗೆ ಆ ಗೆರೆಯವರೆಗೆ ಕಾಯುವುದು ಸರಿಯಲ್ಲ. ಮೇ ತಿಂಗಳಲ್ಲಿ ಅಳೆದಾಗ 3 ಮಿ.ಮೀ.ಗಿಂತ ಕೆಳಗಿದ್ದರೆ ಈ ಮಳೆಗಾಲಕ್ಕೆ ಅದು ಸಾಲದು ಎಂದೇ ನನ್ನ ಅಭಿಪ್ರಾಯ.

“ಅಣ್ಣ, ಇದು ಇನ್ನೊಂದು ಮಳೆಗಾಲ ಬರ್ತದಾ?” ಎಂದು ಟೈರಿನಂಗಡಿಯಲ್ಲಿ ಕೇಳುವವರು ಬಹಳ. ಕೇಳುವವರಿಗೆ ಬೇಕಾದ ಉತ್ತರ ಹೌದು ಎಂಬುದೇ. “ಬರ್ತದೆ ಸರ್, ಓಡ್ಲಿಕ್ಕೆ ಏನೂ ತೊಂದರೆ ಇಲ್ಲ. ಬ್ರೇಕ್ ಹಾಕುವಾಗ ಗೊತ್ತಾಗ್ತದೆ” ಎನ್ನುವ ಅಂಗಡಿಯವರು ಸತ್ಯವನ್ನೇ ಹೇಳಿದ್ದಾರೆ, ಅದನ್ನು ಕೇಳಿಸಿಕೊಳ್ಳಬೇಕು. ಹವಾಯಿ ಚಪ್ಪಲಿಯ ಅಡಿ ಸವೆದ ಮೇಲೂ ಒಣ ಅಂಗಳದಲ್ಲಿ ನಡೆಯಬಹುದು. ಪಾಚಿ ಹಿಡಿದ ಮೇಲೆ ಅದೇ ಚಪ್ಪಲಿಯಲ್ಲಿ ಬಾವಿಕಟ್ಟೆಗೆ ಹೋದವರಿಗೆ ವ್ಯತ್ಯಾಸ ಗೊತ್ತು. ರಸ್ತೆಗೆ ಒಂದೊಂದು ಟೈರು ತಾಗುವುದು ಒಂದು ಅಂಗೈ ಅಗಲ ಮಾತ್ರ. ನೀರು ಆ ಅಂಗೈಯಡಿಯಿಂದ ಹಳ್ಳಗಳ ಮೂಲಕ ಹೊರಗೆ ಹೋಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ, ಬ್ರೇಕ್ ತುಳಿದರೂ ನಿಲ್ಲುವುದಿಲ್ಲ. 1960ರ ದಶಕದಲ್ಲಿ ನಾಸಾದ ಸಂಶೋಧಕರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಇದಕ್ಕೊಂದು ಸೂತ್ರ ಕೊಟ್ಟರು. ಹಳ್ಳಕ್ಕಿಂತ ನೀರೇ ಹೆಚ್ಚು ಆಳವಿದ್ದಾಗ ಟೈರು ಯಾವ ವೇಗದಲ್ಲಿ ತೇಲುತ್ತದೆ ಎಂಬುದು ಅದರ ಗಾಳಿಯ ಒತ್ತಡದ ಮೇಲೆ ನಿಂತಿದೆ. ಆ ಸೂತ್ರಕ್ಕೆ ನಮ್ಮ ಕಾರಿನ 32 ಪಿ.ಎಸ್.ಐ. ಹಾಕಿ ನೋಡಿದರೆ ಗಂಟೆಗೆ ಸುಮಾರು 94 ಕಿ.ಮೀ. ಗಾಳಿ ಇಳಿದು 24 ಆಗಿದ್ದರೆ 82. ಕಾಪು, ಪಡುಬಿದ್ರಿಯ ನಡುವಿನ ಹೆದ್ದಾರಿ 66ರಲ್ಲಿ ಮಳೆ ಸುರಿಯುವಾಗಲೂ ಎಷ್ಟು ವೇಗದಲ್ಲಿ ಹೋಗುತ್ತೇವೆ ಎಂದು ಸ್ಪೀಡೋಮೀಟರ್ ನೋಡಿದವರಿಗೆ ಈ ಅಂಕಿಗಳು ದೂರದವು ಎನ್ನಿಸಲಾರವು. ಆ ಕಾರಿನಲ್ಲಿ ಕೂತವರು ಯಾರು? ಮಣಿಪಾಲದ ಆಸ್ಪತ್ರೆಗೆ ಹೊರಟ ತಾಯಿ, ಶಾಲೆಗೆ ಹೊರಟ ಮಕ್ಕಳು.

ಕಿಲೋಮೀಟರು ಓಡದೆಯೂ ಮುದಿಯಾಗುವ ಟೈರುಗಳು ನಮ್ಮ ಊರಿನಲ್ಲಿ ವಿಶೇಷವಾಗಿ ಬಹಳ. ಮನೆಯವರು ಮುಂಬಯಿಯಲ್ಲೋ ಗಲ್ಫ್‌ನಲ್ಲೋ. ಕಾರು ಊರಲ್ಲಿ, ಕವರ್ ಹೊದ್ದು ಶೆಡ್ಡಿನಲ್ಲಿ. ವರ್ಷಕ್ಕೊಮ್ಮೆ ನೇಮಕ್ಕೋ ಮದುವೆಗೋ ಬಂದಾಗ ಬ್ಯಾಟರಿ ಹಾಕಿಸಿ ಹೊರಡುತ್ತಾರೆ. ಟೈರಿನ ಹಳ್ಳ ಹೊಸದರಂತೆಯೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ರಬ್ಬರು ಗಾಳಿಗೂ ಬಿಸಿಲಿಗೂ ಗಟ್ಟಿಯಾಗುತ್ತಾ ಹೋಗುತ್ತದೆ. ಅದನ್ನು ಕಾಯಲು ಟೈರಿನೊಳಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಓಡಿ ಬಾಗಿ ಬಳುಕಿದಾಗ ಆ ಮೇಣ ಮೇಲ್ಮೈಗೆ ಬಂದು ಪದರವಾಗಿ ನಿಲ್ಲುತ್ತದೆ. ನಿಂತೇ ಇರುವ ಕಾರಿಗೆ ಆ ರಕ್ಷಣೆ ಸರಿಯಾಗಿ ಸಿಗುವುದಿಲ್ಲ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ಹಳ್ಳ ಎಷ್ಟೇ ಆಳವಿರಲಿ, ಒದ್ದೆ ರಸ್ತೆಯಲ್ಲಿ ಅದನ್ನು ನಂಬಬಾರದು. ವಯಸ್ಸು ತಿಳಿಯುವುದು ಸುಲಭ. ಡಿ.ಒ.ಟಿ. ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ: 2219 ಎಂದಿದ್ದರೆ 2019ನೇ ಇಸವಿಯ 22ನೇ ವಾರ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತು ವರ್ಷ ದಾಟಿದ್ದನ್ನು ಹೇಗಿದ್ದರೂ ತೆಗೆಯಬೇಕು. ಸ್ಟೆಪ್ನಿಗೂ ಇದೇ ಮಾತು. ಡಿಕ್ಕಿಯೊಳಗೆ ಕತ್ತಲಲ್ಲಿ ಕೂತದ್ದೆಂದು ಅದಕ್ಕೆ ವಯಸ್ಸಾಗದೆ ಇರುವುದಿಲ್ಲ.

ಹೊಸದನ್ನು ಆರಿಸುವಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ “ಎಷ್ಟು ಕಿಲೋಮೀಟರ್ ಬರ್ತದೆ?” ಎಂಬುದು. ಈ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಗಟ್ಟಿ ರಬ್ಬರಿನ ಟೈರು ಹೆಚ್ಚು ಓಡುತ್ತದೆ, ಒದ್ದೆಯಲ್ಲಿ ಕಡಿಮೆ ಹಿಡಿಯುತ್ತದೆ; ಮೆದು ರಬ್ಬರು ಚೆನ್ನಾಗಿ ಹಿಡಿದು ಬೇಗ ಸವೆಯುತ್ತದೆ. ಈ ಎರಡನ್ನೂ ಒಟ್ಟಿಗೆ ತರಲು ಕಂಪೆನಿಗಳು ಸಿಲಿಕಾ ಬೆರೆಸುವುದು, ಹಳ್ಳಗಳ ವಿನ್ಯಾಸ ಬದಲಿಸುವುದು ಎಲ್ಲ ಮಾಡುತ್ತವೆ, ಆದರೂ ಎಳೆದಾಟ ಪೂರ್ತಿ ತಪ್ಪುವುದಿಲ್ಲ. ಕಾರ್ಕಳದಲ್ಲಿ ಕೇಳಬೇಕಾದ ಪ್ರಶ್ನೆ “ಮಳೆಯಲ್ಲಿ ಹೇಗೆ ಹಿಡಿಯುತ್ತದೆ?” ಎಂಬುದು. ಐದು ಸಾವಿರ ಕಿ.ಮೀ. ಕಡಿಮೆ ಬಂದರೂ ಚಿಂತೆಯಿಲ್ಲ. ಕೆಲವು ಟೈರುಗಳ ಪಕ್ಕೆಯಲ್ಲಿ ಅಮೆರಿಕದ ಪದ್ಧತಿಯಂತೆ ಟ್ರೆಡ್‌ವೇರ್ ಅಂಕಿ ಮತ್ತು ಟ್ರ್ಯಾಕ್ಷನ್ ದರ್ಜೆ ಒತ್ತಿರುತ್ತಾರೆ. ಎಎ, ಎ, ಬಿ, ಸಿ ಎಂಬ ದರ್ಜೆ ಒದ್ದೆ ನೆಲದಲ್ಲಿ ನೇರಕ್ಕೆ ನಿಲ್ಲುವ ಶಕ್ತಿಯದು. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೂ ಟೈರುಗಳಿಗೆ ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟವನ್ನು ಗೊತ್ತುಮಾಡಿ ಅಧಿಸೂಚನೆ ಹೊರಡಿಸಿತು. ಐ.ಎಸ್.ಐ. ಗುರುತಂತೂ ಇರಲೇಬೇಕು.

ಅಳತೆಯಲ್ಲಿ ಸಾಹಸ ಬೇಡ. ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿ ಟೈರಿನ ಅಳತೆಯೂ ಗಾಳಿಯ ಒತ್ತಡವೂ ಇರುತ್ತದೆ. 165/80 ಆರ್14 85ಟಿ ಎಂದರೆ ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 80, ರಿಮ್ 14 ಇಂಚು. ಹೊರಬಲ್ಲ ಭಾರ 515 ಕಿಲೋ, ವೇಗದ ಮಿತಿ ಗಂಟೆಗೆ 190 ಕಿ.ಮೀ. ಭಾರದ ಅಂಕಿ ಇದಕ್ಕಿಂತ ಕಡಿಮೆಯದನ್ನು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಬಾರದು. ನೋಟಕ್ಕಾಗಿ ಅಗಲದ ಟೈರು ಹಾಕಿಸುವ ಹುಡುಗರಿಗೆ ಒಂದು ಮಾತು: ಅದೇ ತೂಕದ ಕಾರಿಗೆ ಅಗಲ ಹೆಚ್ಚಾದಷ್ಟೂ ನೀರು ಹೊರಗೆ ಹೋಗುವ ದಾರಿ ಉದ್ದವಾಗುತ್ತದೆ, ತೇಲುವ ಸಂಭವ ಹೆಚ್ಚುತ್ತದೆ. ಸೆಕೆಂಡ್‌ಹ್ಯಾಂಡ್ ಟೈರು ಬೇಡವೇ ಬೇಡ. ಅದು ಯಾವ ಹೊಂಡಕ್ಕೆ ಬಿದ್ದು ಬಂದದ್ದೋ ಹೊರಗಿನಿಂದ ಕಾಣುವುದಿಲ್ಲ. ಲಾರಿ, ಬಸ್ಸಿಗೆ ರೀಸೋಲ್ ಗೌರವದ ಕೆಲಸ, ಅವುಗಳ ಟೈರಿನ ಒಡಲೇ ಅದಕ್ಕೆ ತಕ್ಕಂತೆ ಗಟ್ಟಿ. ಕಾರಿಗೆ ಹೊಸದೇ ಇರಲಿ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ಹೊರೆಯೂ ತುಸು ಹಗುರಾಗಿದೆ.

ನಾಲ್ಕೂ ಒಟ್ಟಿಗೆ ಹಾಕಿಸಲು ಎಲ್ಲರಿಗೂ ಆಗುವುದಿಲ್ಲ, ಎರಡು ಹಾಕಿಸುವವರೇ ಹೆಚ್ಚು. ಇಲ್ಲಿ ಬಹುಮಂದಿ ಮಾಡುವ ಆಯ್ಕೆ ತಿರುಗುಮುರುಗು. “ಹೊಸದು ಎದುರಿಗೇ ಹಾಕಿ ಮಾರಾಯ್ರೆ, ಎಳೆಯುವುದು ಎದುರಿನ ಚಕ್ರ ಅಲ್ವಾ?” ಎನ್ನುತ್ತೇವೆ. ಹೊಸದು ಹೋಗಬೇಕಾದ್ದು ಹಿಂದಕ್ಕೆ. ಒದ್ದೆ ತಿರುವಿನಲ್ಲಿ ಎದುರಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಸ್ಟೀರಿಂಗ್ ಹಗುರಾದದ್ದು ಕೈಗೆ ಗೊತ್ತಾಗುತ್ತದೆ, ಕಾಲು ಎತ್ತಿದರೆ ವೇಗ ಇಳಿದು ಹಿಡಿತ ಮರಳಿ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರಿನ ಬಾಲವೇ ಹೊರಕ್ಕೆ ಬೀಸುತ್ತದೆ. ಅದನ್ನು ಹಿಡಿಯಲು ಪಳಗಿದ ರೇಸ್ ಚಾಲಕರು ಬೇಕು. ಗಾಬರಿಯಲ್ಲಿ ಬ್ರೇಕ್ ತುಳಿದರೆ ಕಾರು ಇನ್ನಷ್ಟು ತಿರುಗುತ್ತದೆ. ಟೈರು ತಯಾರಿಸುವ ದೊಡ್ಡ ಕಂಪೆನಿಗಳೂ ಇದನ್ನೇ ಹೇಳುತ್ತವೆ, ಆದರೂ ಅಂಗಡಿಯ ಮುಂದೆ ಪ್ರತಿ ಸಲ ವಾದ ನಡೆಯುತ್ತದೆ. ಎದುರಿನವು ಬೇಗ ಸವೆಯುವುದನ್ನು ಸರಿದೂಗಿಸಲು ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಅದಲು ಬದಲು ಮಾಡಿದರೆ ನಾಲ್ಕೂ ಒಟ್ಟಿಗೆ ಮುಗಿಯುತ್ತವೆ, ಈ ವಾದವೂ ಮುಗಿಯುತ್ತದೆ.

ಗಾಳಿಯನ್ನು ತಿಂಗಳಿಗೊಮ್ಮೆಯಾದರೂ, ಟೈರು ತಣ್ಣಗಿದ್ದಾಗ ನೋಡಿಸಬೇಕು. ತೂತಿಲ್ಲದ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಿ.ಎಸ್.ಐ. ತಾನಾಗಿಯೇ ಇಳಿಯುತ್ತದೆ. ನೈಟ್ರೋಜನ್ ಹಾಕಿಸಿದರೆ ಕೆಡುಕಿಲ್ಲ, ಆದರೆ ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಯಾವ ಗಾಳಿ ಎಂಬುದಕ್ಕಿಂತ ಎಷ್ಟು ಗಾಳಿ ಎಂಬುದು ಮುಖ್ಯ. ಹೊಸ ಟೈರು ಹಾಕಿಸಿದ ಮೊದಲ ಇನ್ನೂರು ಕಿ.ಮೀ. ಜೋರಾಗಿ ಹೋಗಬಾರದು, ಅಚ್ಚಿನಿಂದ ಬಿಡಿಸುವಾಗ ಹತ್ತಿದ ನುಣುಪು ಮೇಲ್ಪದರ ಉಜ್ಜಿ ಹೋಗುವವರೆಗೆ ಅದಕ್ಕೆ ಪೂರ್ತಿ ಹಿಡಿತವಿರುವುದಿಲ್ಲ. ನಟ್ಟುಗಳನ್ನು ಒಮ್ಮೆ ಮತ್ತೆ ಬಿಗಿ ಮಾಡಿಸಿ.

ಹಳೆಯ ಟೈರನ್ನು ಮನೆಗೆ ತರುವ ಆಸೆ ಬಿಡಬೇಕು. ಅದರ ಒಳಮೈಯಲ್ಲಿ ನಿಂತ ಮಳೆನೀರು ಹೇಗೆ ಬೋರಲು ಹಾಕಿದರೂ ಪೂರ್ತಿ ಹೋಗುವುದಿಲ್ಲ, ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು. ಅದರ ಮೊಟ್ಟೆ ಒಣಗಿದ ಟೈರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಉಳಿದು, ಮುಂದಿನ ಮಳೆಗೆ ಮರಿಯಾಗುತ್ತದೆ. 2022ರ ನಿಯಮದಂತೆ ಹಳೆಯ ಟೈರುಗಳನ್ನು ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರ ಮೇಲಿದೆ, ಹಾಗಾಗಿ ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಹೂವಿನ ಗಿಡಕ್ಕೆ ಬೇಕೇ ಬೇಕೆಂದಿದ್ದರೆ ಕೆಳಮೈಗೆ ನಾಲ್ಕಾರು ಕಡೆ ದೊಡ್ಡ ತೂತು ಕೊರೆಸಿ, ಅಂಚಿನ ಒಳಗಿನವರೆಗೂ ಮಣ್ಣು ತುಂಬಿಸಿ ಇಡಬೇಕು.